ಗಾರೆಯಿಲ್ಲದ ಇಟ್ಟಿಗೆಯ ವಿಷಯವಾಗಿ: ನಮ್ಮ ಸೀಮೆಯ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪಟ್ಟಣಗಳಲ್ಲಿಯೂ ಕೊಡ್ಲಿಯಂಥ ಊರುಗಳಲ್ಲಿಯೂ ಗಣಿತ ವಿಜ್ಞಾನಗಳನ್ನು ಬೋಧಿಸುತ್ತಿರುವ ಗುರುವೃಂದಕ್ಕೆ,

ಮಾನ್ಯರೇ,

ಸುಣ್ಣಗಲ್ಲಿನ ಪದರಗಳ ಮೇಲೆ ನಿಂತಿರುವ ನಮ್ಮ ಸೀಮೆಯಲ್ಲಿ, ಆ ಕಲ್ಲನ್ನು ಪರಸಿಯಾಗಿ ಸೀಳಿ ನಾಡಿನ ಅಂಗಳ ಪಡಸಾಲೆಗಳಿಗೆ ಹಾಸಿಕೊಟ್ಟ ಶಹಾಬಾದವೂ, ಅದೇ ಕಲ್ಲನ್ನು ಅರೆದು ಸುಟ್ಟು ಸಿಮೆಂಟಾಗಿಸಿ ಚೀಲ ತುಂಬಿ ಕಳುಹಿಸುತ್ತಿರುವ ವಾಡಿ, ಸೇಡಂ, ಮಳಖೇಡಗಳೂ ಇರುವಲ್ಲಿ ಕುಳಿತು, ಸಿಮೆಂಟಿನ ಸೋಂಕೂ ಇಲ್ಲದೆ ಒಂದನ್ನೊಂದು ಕಚ್ಚಿಕೊಂಡು ನಿಲ್ಲುವ ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆಗಳ ವಿಷಯವಾಗಿ ಗುರುಗಳಿಗೆ ಪತ್ರ ಬರೆಯುವುದು ಕೆಲವರಿಗೆ ವಿನೋದವೆಂದು ತೋರಬಹುದು. ಆದರೆ ಮಕ್ಕಳ ಆಟದ ಸಾಮಾನೆಂದು ನಾವು ಅಲಕ್ಷಿಸುವ ಈ ಸಣ್ಣ ವಸ್ತುವಿನಲ್ಲಿ, ಎರಡು ಪದಾರ್ಥಗಳು ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ, ಎಷ್ಟು ಹಿಡಿದುಕೊಳ್ಳಬೇಕು, ಯಾವಾಗ ಬಿಡಬೇಕು ಎಂಬ ದೊಡ್ಡ ಪ್ರಶ್ನೆಯೊಂದು ಅಡಗಿದೆಯೆಂದೂ, ಆ ಪ್ರಶ್ನೆಗೆ ನಮ್ಮ ಹಿರಿಯರು ಕಲ್ಲಿನಲ್ಲಿಯೂ ಮರದಲ್ಲಿಯೂ ಉತ್ತರವನ್ನು ಹುಡುಕಿದ್ದರೆಂದೂ ನನಗೆ ದೃಢವಾದ ನಂಬಿಕೆಯಿರುವುದರಿಂದ, ತಮ್ಮ ಸಮಯವನ್ನು ಕೊಂಚ ಬೇಡುವ ಧೈರ್ಯ ಮಾಡಿದ್ದೇನೆ.

ಪತ್ರಕ್ಕೆ ನಿಮಿತ್ತವೂ ಒಂದುಂಟು. ಈಚಿನ ವರ್ಷಗಳಲ್ಲಿ ದಾನಿಗಳ ಕೃಪೆಯಿಂದಲೋ, ಕಾರ್ಖಾನೆಗಳ ಸಮಾಜಸೇವೆಯ ಹಣದಿಂದಲೋ, 2016ರಿಂದೀಚೆಗೆ ಸರ್ಕಾರ ಕೊಡುತ್ತಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ನೆರವಿನಿಂದಲೋ, ಕೈಯಿಂದ ಜೋಡಿಸಿ ಕಲಿಯತಕ್ಕ ಸಾಮಗ್ರಿಗಳ ಪೆಟ್ಟಿಗೆಗಳು ಶಾಲೆಗಳನ್ನು ಪ್ರವೇಶಿಸುತ್ತಿವೆ. ಕೆಳಗಿನ ತರಗತಿಗಳಿಗೆ ನಲಿ-ಕಲಿಯ ಸಾಮಗ್ರಿಯೂ, ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಯೂ ತಮಗೆ ಪರಿಚಿತವಾದವುಗಳೇ. ಹೀಗೆ ಬಂದ ಪೆಟ್ಟಿಗೆಯೊಂದರ ಗತಿಯನ್ನು ನಾನು ಒಂದು ಶಾಲೆಯಲ್ಲಿ ಕಣ್ಣಾರೆ ಕಂಡೆ. ಶಾಲೆಯ ಹೆಸರು ಇಲ್ಲಿ ಬೇಡ. ಜೊತೆಗೆ ಬಂದ ಪುಸ್ತಿಕೆಯಲ್ಲಿನ ಚಿತ್ರವನ್ನು ನೋಡಿ ಮಕ್ಕಳು ಒಂದು ಸೇತುವೆಯನ್ನು ಕಟ್ಟಿದರು. ಪ್ರದರ್ಶನದ ದಿನ ಅದು ಕಳಚಿಬಿದ್ದೀತೆಂಬ ಭಯದಿಂದ ಸಂದುಸಂದಿಗೂ ಅಂಟು ಹಚ್ಚಲಾಯಿತು. ಪ್ರದರ್ಶನ ಮುಗಿದೊಡನೆ ಆ ಸೇತುವೆ ಗಾಜಿನ ಕಪಾಟನ್ನು ಸೇರಿ, ಕಪಾಟಿಗೆ ಬೀಗ ಬಿದ್ದು, ಬೀಗದ ಕೈ ಕಚೇರಿಯ ಮೇಜಿನ ಖಾನೆಯನ್ನು ಸೇರಿತು. ಅದೇ ಪ್ರದರ್ಶನದಲ್ಲಿ ಇನ್ನೊಬ್ಬ ಹುಡುಗ ಇಟ್ಟಿಗೆಗಳನ್ನು ಪಕ್ಕಕ್ಕೆ ತಿರುಗಿಸಿ, ತೆಳುವಾದ ಇಟ್ಟಿಗೆಗಳಾದ ಬಿಲ್ಲೆಗಳನ್ನು ಓರೆಯಾಗಿ ನಿಲ್ಲಿಸಿ, ಒಂದು ಗುಡಿಯ ಜಾಲಂಧ್ರವನ್ನು ಬಹು ಸೊಗಸಾಗಿ ಮಾಡಿದ್ದನು. ಅದು ಪುಸ್ತಿಕೆಯ ಪ್ರಕಾರ ಇಲ್ಲವೆಂಬ ಕಾರಣಕ್ಕೆ ಅವನಿಗೆ ಅಂಕ ಕಡಿಮೆಯಾಯಿತು. ಕಟ್ಟಿದ್ದನ್ನು ಬಿಚ್ಚದಂತೆ ಮಾಡಿದವರಿಗೆ ಬಹುಮಾನ ಸಂದಿತು; ಬಿಚ್ಚಿ ಬೇರೆ ರೀತಿಯಲ್ಲಿ ಕಟ್ಟಬಹುದೆಂದು ತೋರಿಸಿದವನು ಬರಿಗೈಯಲ್ಲಿ ಮನೆಗೆ ಹೋದನು. ಈ ತೀರ್ಪು ತಲೆಕೆಳಗಾದುದೆಂದು ಹೇಳುವುದೇ ಈ ಪತ್ರದ ಉದ್ದೇಶ.

ಈ ಇಟ್ಟಿಗೆಯ ಹುಟ್ಟನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳ ಕಸುಬನ್ನು ಆರಂಭಿಸಿದನು. ಇಂಗ್ಲೆಂಡಿನಲ್ಲಿ ಹಿಲರಿ ಪೇಜ್ ಎಂಬವರು ಮಾಡಿದ್ದ ಕಚ್ಚಿಟ್ಟಿಗೆಯ ಮಾದರಿಯನ್ನು ಅನುಸರಿಸಿ ಆ ಮನೆತನದ ಲೆಗೊ ಕಂಪನಿಯು 1949ರಲ್ಲಿ ಪ್ಲಾಸ್ಟಿಕ್ಕಿನ ಇಟ್ಟಿಗೆಗಳನ್ನು ಹೊರತಂದಿತು. ಆದರೆ ಒಳಗೆ ಟೊಳ್ಳಾಗಿದ್ದ ಆ ಮೊದಲಿನ ಇಟ್ಟಿಗೆಗಳ ಹಿಡಿತ ದುರ್ಬಲವಾಗಿತ್ತು. ಮೇಲೆ ಗುಬಟುಗಳು, ಕೆಳಗೆ ಟೊಳ್ಳಿನಲ್ಲಿ ನಳಿಗೆಗಳು, ಗುಬಟು ಬಂದು ನಳಿಗೆಗೂ ಗೋಡೆಗೂ ನಡುವೆ ಬಿಗಿಯಾಗಿ ಕೂರುವುದು ಎಂಬ ಈಗಿನ ವ್ಯವಸ್ಥೆಗೆ ಓಲೆಯ ಮಗ ಗಾಡ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದನು. ಆ ವರ್ಷದ ಇಟ್ಟಿಗೆಯನ್ನು ಇಂದಿನ ಇಟ್ಟಿಗೆಯ ಮೇಲೆ ಒತ್ತಿದರೆ ಇಂದಿಗೂ ಕೂರುತ್ತದೆ. ಅಳತೆಯ ವಿಷಯದಲ್ಲಿ ಮಾತು ಉಳಿಸಿಕೊಳ್ಳುವುದೆಂದರೆ ಇದು.

ಆ ಅಳತೆಗಳನ್ನೇ ಈಗ ಸ್ವಲ್ಪ ನಿಧಾನವಾಗಿ ನೋಡೋಣ. ಏಕೆಂದರೆ ರೂಢಿಯಲ್ಲದ ಜೋಡಣೆಗಳ ರಹಸ್ಯವೆಲ್ಲ ಅವುಗಳಲ್ಲಿಯೇ ಇದೆ. ಒಂದು ಗುಬಟಿನ ನಡುವಿನಿಂದ ಪಕ್ಕದ ಗುಬಟಿನ ನಡುವಿಗೆ 8 ಮಿಲಿಮೀಟರು. ಗುಬಟನ್ನು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ತೆಳುವಾದ ಬಿಲ್ಲೆಯ ದಪ್ಪ ಅದರ ಮೂರನೆಯ ಒಂದು ಪಾಲು, ಅಂದರೆ 3.2 ಮಿಲಿಮೀಟರು. ಗುಬಟಿನ ವ್ಯಾಸ 4.8. ಇಷ್ಟನ್ನು ಕಪ್ಪು ಹಲಗೆಯ ಮೇಲೆ ಬರೆದು, ಇಟ್ಟಿಗೆಯ ಎತ್ತರವೂ ಅಗಲವೂ ಏಕೆ ಸಮವಾಗಿಲ್ಲವೆಂದು ಏಳನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿರಿ. 8ಕ್ಕೂ 9.6ಕ್ಕೂ ಇರುವ ಸಂಬಂಧ 5ಕ್ಕೆ 6ರದ್ದು. ಆದುದರಿಂದ ಐದು ಇಟ್ಟಿಗೆಗಳ ಎತ್ತರ ಆರು ಗುಬಟುಗಳ ಅಗಲಕ್ಕೆ ಸರಿಯಾಗಿ 48 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಐದು ಬಿಲ್ಲೆಗಳ ರಾಶಿ 16 ಮಿಲಿಮೀಟರಾಗಿ ಎರಡು ಗುಬಟುಗಳ ಅಗಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಈ ಒಂದು ಸಮೀಕರಣವನ್ನು ಅರಿತ ಹುಡುಗನಿಗೆ ಗುಬಟುಗಳು ಯಾವಾಗಲೂ ಆಕಾಶವನ್ನೇ ನೋಡಬೇಕೆಂಬ ನಿರ್ಬಂಧ ಕಳಚಿಹೋಗುತ್ತದೆ. ಅವನು ಬಿಲ್ಲೆಗಳ ರಾಶಿಯನ್ನು ಪಕ್ಕಕ್ಕೆ ಹೊರಳಿಸಿ ಗೋಡೆಯೊಳಗೆ ಕೂರಿಸಬಲ್ಲನು. ಗೋಡೆಯ ಮುಖದ ಮೇಲೆ ಅಕ್ಷರಗಳನ್ನೂ ಬಳ್ಳಿಗಳನ್ನೂ ಗವಾಕ್ಷಗಳನ್ನೂ ಮೂಡಿಸಬಲ್ಲನು. ಕಡೆಗೆ ಗುಬಟುಗಳು ಅಧೋಮುಖವಾಗಿ ಇಳಿಬಿದ್ದ, ಭುವನೇಶ್ವರಿಯೆಂಬ ಗುಡಿಯ ಚಾವಣಿಯನ್ನೂ ಮಾಡಬಲ್ಲನು. ಇದಕ್ಕೆ ನೆರವಾಗಲೆಂದೇ ಒಂದು ಪಕ್ಕದಲ್ಲಿ ಗುಬಟನ್ನೂ ಬೆನ್ನಿನಲ್ಲಿ ಚೌಕನೆಯ ತೂತನ್ನೂ ಹೊಂದಿದ ಒಂಟಿ ಇಟ್ಟಿಗೆಯೊಂದುಂಟು. ಆಟದ ಮೋಟಾರು ಗಾಡಿಗೆ ಮುಂದಿನ ದೀಪ ಕೂರಿಸಲೆಂದು ಹುಟ್ಟಿದ ಈ ಪುಟ್ಟ ಇಟ್ಟಿಗೆ ಇಂದು ಬಲ್ಲವರ ಕೈಯಲ್ಲಿ ದೀಪದ ಕೆಲಸವೊಂದನ್ನು ಬಿಟ್ಟು ಉಳಿದ ಕೆಲಸಗಳನ್ನೆಲ್ಲ ಮಾಡುತ್ತದೆ.

3.2 ಎಂಬ ಸಂಖ್ಯೆಯ ಮಹಿಮೆ ಇಲ್ಲಿಗೆ ಮುಗಿಯಲಿಲ್ಲ. 8ರಲ್ಲಿ 4.8ನ್ನು ಕಳೆದರೆ ಎರಡು ಗುಬಟುಗಳ ನಡುವಿನ ಸಂದು ಎಷ್ಟು? ಅದೂ 3.2. ಆಟದ ಗೊಂಬೆಯ ಕೈ ಹಿಡಿಯುವ ಈಟಿ, ಧ್ವಜದ ಕೋಲು, ಏಣಿಯ ಮೆಟ್ಟಿಲು, ಟೊಳ್ಳು ಗುಬಟಿನ ಒಳಗಣ ರಂಧ್ರ, ಕೊಕ್ಕೆಯ ಬಾಯಿ, ಇವೆಲ್ಲವೂ ಸುಮಾರಾಗಿ ಅದೇ ಅಳತೆಯವು. ಪುಸ್ತಿಕೆಯಲ್ಲಿ ಈಟಿ ಸೈನಿಕನ ಕೈಯಲ್ಲಿರುತ್ತದೆ. ಆದರೆ ಅಳತೆಯನ್ನು ಬಲ್ಲ ಮಗು ಅದನ್ನೇ ತೆಗೆದು ಟೊಳ್ಳು ಗುಬಟಿನೊಳಗೆ ತೂರಿಸಿ ತಿರುಗುವ ಕೀಲನ್ನು ಮಾಡುತ್ತದೆ, ಕೊಕ್ಕೆಗೆ ಸಿಕ್ಕಿಸಿ ಬಾಗಿಲಿನ ತಿರುಗಣೆಯನ್ನು ಮಾಡುತ್ತದೆ. ಎರಡು ಗುಬಟುಗಳ ಜಾಗದಲ್ಲಿ ನಟ್ಟನಡುವೆ ಒಂದೇ ಗುಬಟನ್ನು ಹೊತ್ತ ಬಿಲ್ಲೆಯಿದೆ. ಅದನ್ನು ಬಳಸಿದರೆ ಕಟ್ಟಡ 4 ಮಿಲಿಮೀಟರು, ಅಂದರೆ ಅರ್ಧ ಗುಬಟಿನಷ್ಟು, ಸರಿಯುತ್ತದೆ. ಗೋಡೆಯ ಮೇಲೆ ಎದ್ದುನಿಂತ ಅರೆಗಂಬದ ನೆರಳೂ ಬೆಳಕೂ ಆಗ ತಾವಾಗಿಯೇ ಬರುತ್ತವೆ. ಇನ್ನು ಪ್ರತಿಯೊಂದು ಇಟ್ಟಿಗೆಯೂ ತನ್ನ ಪಾಲಿನ ಜಾಗಕ್ಕಿಂತ 0.2 ಮಿಲಿಮೀಟರು ಕಿರಿದಾಗಿರುವುದರಿಂದ, ನೆರೆಹೊರೆಯ ಇಟ್ಟಿಗೆಗಳ ನಡುವೆ ಉಳಿಯುವ ಆ ಕಾಣದ ಬಿರುಕನ್ನೇ ಕೂಡಿಸಿಕೊಂಡು, ಚಿಕ್ಕ ಇಟ್ಟಿಗೆಗಳಿಂದ ಕಟ್ಟಿದ ಉದ್ದನೆಯ ಒಂಟಿ ಗೋಡೆಯನ್ನು ಮೆಲ್ಲಮೆಲ್ಲನೆ ಬಳುಕಿಸಿ ಪೂರ್ಣ ವರ್ತುಲವಾಗಿಸಬಹುದು. ಚೌಕದಿಂದ ವರ್ತುಲ ಬಂದದ್ದನ್ನು ಕಂಡ ಮಕ್ಕಳ ಮುಖವನ್ನು ನೋಡುವ ಭಾಗ್ಯ ತಮಗೂ ಒದಗಲಿ.

ಓರೆಯ ಜೋಡಣೆಯ ವಿಷಯ ತಮ್ಮ ಪಠ್ಯಕ್ಕೆ ಇನ್ನೂ ಹತ್ತಿರದ್ದು. ನಾಲ್ಕು ಗುಬಟುಗಳ ಒಂದು ಪಟ್ಟಿಯನ್ನು ಮೇಜಿನ ಮೇಲಿಡಿರಿ. ಅದರ ತುದಿಯ ಗುಬಟಿನ ಮೇಲೆ ಆರು ಗುಬಟುಗಳ ಪಟ್ಟಿಯೊಂದನ್ನು ಅಡ್ಡವಾಗಿ ಒತ್ತಿರಿ. ಇನ್ನೊಂದು ಆರು ಗುಬಟಿನ ಪಟ್ಟಿಯನ್ನು ಕರ್ಣವಾಗಿ, ಮೊದಲ ಪಟ್ಟಿಯ ಇನ್ನೊಂದು ತುದಿಯಿಂದ ಎರಡನೆಯ ಪಟ್ಟಿಯ ಐದನೆಯ ಗುಬಟಿಗೆ ಕೂರಿಸಿರಿ. ನೇರವಾಗಿ ಕೂರಿಸಹೋದರೆ ಪಕ್ಕದ ಗುಬಟುಗಳು ಅಡ್ಡಬರುತ್ತವೆ. ಆದುದರಿಂದ ಒಂಟಿ ಗುಬಟಿನ ದುಂಡು ಬಿಲ್ಲೆಗಳನ್ನು, ಕೆಳಗಿನ ಪಟ್ಟಿಯ ಕಡೆ ಎರಡು, ಮೇಲಿನ ಪಟ್ಟಿಯ ಕಡೆ ಒಂದು, ನಡುವೆ ಕೊಟ್ಟು ಕರ್ಣವನ್ನು ಎತ್ತರಿಸಬೇಕು. ಆಗ ಮೂರೂ ಪಟ್ಟಿಗಳು ಸರಿಯಾಗಿ ಕಚ್ಚಿ, ಮೂಲೆ ನಿಖರವಾದ ಲಂಬಕೋನವಾಗುತ್ತದೆ. ನಾಲ್ಕು, ಐದು, ಆರು ಗುಬಟುಗಳಿದ್ದರೆ 3, 4, 5 ಎಲ್ಲಿಂದ ಬಂತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗುಬಟುಗಳನ್ನಲ್ಲ, ಅವುಗಳ ನಡುವಿನ ಅಂತರಗಳನ್ನು ಎಣಿಸಬೇಕೆಂಬುದು ಅವರಿಗೆ ಅಲ್ಲಿಯೇ, ಬೆರಳ ತುದಿಯಲ್ಲಿಯೇ ಹೊಳೆಯುತ್ತದೆ. ಪೈಥಾಗೊರಸನ ಹೆಸರಿನಲ್ಲಿ ನಾವು ಬಾಯಿಪಾಠ ಮಾಡಿಸುವ ಈ ಸಂಖ್ಯೆಗಳನ್ನು ಬೌಧಾಯನನ ಶುಲ್ಬಸೂತ್ರವು 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24 ಎಂದು ಪಟ್ಟಿಮಾಡಿದೆಯೆಂಬುದನ್ನು ತಾವು ಬಲ್ಲಿರಿ. ಅದೇ ಶುಲ್ಬಶಾಸ್ತ್ರವು ಯಜ್ಞದ ಚಿತಿಯನ್ನು ಐದು ಪ್ರಸ್ತರಗಳಲ್ಲಿ, ಪ್ರಸ್ತರಕ್ಕೆ ಇನ್ನೂರು ಇಟ್ಟಿಗೆಗಳಂತೆ ಕಟ್ಟಬೇಕೆಂದೂ, ಕೆಳಗಿನ ಪ್ರಸ್ತರದ ಸಂದಿನ ಮೇಲೆ ಮೇಲಿನ ಪ್ರಸ್ತರದ ಸಂದು ಬರಕೂಡದೆಂದೂ ವಿಧಿಸುತ್ತದೆ. ಸಂದಿನ ಮೇಲೆ ಸಂದು ಬಂದ ಗೋಡೆ ಸೀಳುತ್ತದೆಯೆಂಬುದು ಗೌಂಡಿಗೂ ಗೊತ್ತು, ಋಷಿಗೂ ಗೊತ್ತಿತ್ತು. ಆಟದ ಇಟ್ಟಿಗೆಯನ್ನು ಹಿಡಿದ ಆರು ವರ್ಷದ ಮಗು ಎರಡು ಸಲ ಗೋಡೆಯನ್ನು ಬೀಳಿಸಿ ತಾನೇ ತಿಳಿದುಕೊಳ್ಳುತ್ತದೆ.

ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬ ಲೆಕ್ಕವೂ ಇದೆ. ಎಂಟು ಗುಬಟುಗಳ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ವಿಧವಾಗಿಯೂ, ಮೂರನ್ನು 1,060 ವಿಧವಾಗಿಯೂ, ಆರನ್ನು 91,51,03,765 ವಿಧವಾಗಿಯೂ ಕೂಡಿಸಬಹುದೆಂದು ಕೋಪನ್‌ಹೇಗನ್ನಿನ ಗಣಿತಜ್ಞರು ಗಣಕಯಂತ್ರದ ಸಹಾಯದಿಂದ ಎಣಿಸಿದ್ದಾರೆ. ಅದಕ್ಕೆ ಮುಂಚೆ ಕಂಪನಿಯೇ ಹೇಳುತ್ತಿದ್ದ 10 ಕೋಟಿ ಚಿಲ್ಲರೆಯ ಸಂಖ್ಯೆ ಆರು ಅಂತಸ್ತಿನ ಗೋಪುರಗಳನ್ನಷ್ಟೇ ಎಣಿಸಿದುದಾಗಿತ್ತು. ಮೊದಲಿನ 24ನ್ನು ಮಕ್ಕಳಿಂದಲೇ ಎಣಿಸಿರಿ; ಒಂದು ಮಧ್ಯಾಹ್ನ ಸುಖವಾಗಿ ಕಳೆಯುತ್ತದೆ. ತೊಂಬತ್ತು ಕೋಟಿ ದಾರಿಗಳಿರುವಲ್ಲಿ ಪುಸ್ತಿಕೆ ತೋರಿಸುವುದು ಒಂದನ್ನು. ಅದೊಂದನ್ನೇ ಸರಿಯೆಂದು ಅಂಕ ಹಾಕುವುದು ಎಂಥ ನ್ಯಾಯವೋ ತಾವೇ ಹೇಳಬೇಕು.

ಹಾಗಾದರೆ ಹೇಗೆ ಬೇಕಾದರೂ ಜೋಡಿಸಬಹುದೇ, ನಿಯಮವೇ ಇಲ್ಲವೇ ಎಂದು ತಾವು ಕೇಳಿದರೆ, ಇದೆ ಎಂಬುದೇ ನನ್ನ ಉತ್ತರ. ಆದರೆ ಆ ನಿಯಮ ಪುಸ್ತಿಕೆಯಿಂದ ಬರತಕ್ಕದ್ದಲ್ಲ, ಪದಾರ್ಥದಿಂದ ಬರತಕ್ಕದ್ದು. ಎರಡು ಗುಬಟುಗಳ ನಡುವಿನ ಸಂದೂ 3.2, ಬಿಲ್ಲೆಯ ದಪ್ಪವೂ 3.2 ಎಂದೆನಷ್ಟೆ. ಹಾಗಿರುವಾಗ ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿ ಆ ಸಂದಿನೊಳಕ್ಕೆ ಒತ್ತುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಒತ್ತಿದರೆ ಕೂರುತ್ತದೆಯೂ ಹೌದು. ಆದರೆ ಅಲ್ಲಿ ಎಳ್ಳಷ್ಟೂ ಸಡಿಲವಿಲ್ಲದ ಕಾರಣ ಬಿಲ್ಲೆಯೂ ಗುಬಟೂ ಸದಾಕಾಲ ಒಂದನ್ನೊಂದು ಹಿಂಡುತ್ತಿರುತ್ತವೆ; ಕಾಲಾಂತರದಲ್ಲಿ ಎರಡರಲ್ಲೊಂದು ತನ್ನ ಆಕಾರವನ್ನೋ ಹಿಡಿತವನ್ನೋ ಕಳೆದುಕೊಳ್ಳುತ್ತದೆ. ಇಂಥ ಜೋಡಣೆಗಳನ್ನು ಆ ಕಂಪನಿಯ ವಿನ್ಯಾಸಕರು ತಮ್ಮ ಮಾದರಿಗಳಲ್ಲಿ ನಿಷಿದ್ಧವೆಂದು ಎಣಿಸುತ್ತಾರೆ. ಅವರಲ್ಲೊಬ್ಬರಾದ ಜೇಮಿ ಬೆರಾರ್ಡ್ ಎಂಬವರು 2006ರಲ್ಲಿ ಅಮೆರಿಕದ ಹವ್ಯಾಸಿಗಳ ಸಮ್ಮೇಳನವೊಂದರಲ್ಲಿ ಬಿಡಿಭಾಗಗಳು ಅನುಭವಿಸುವ ಒತ್ತಡವನ್ನೇ ಕುರಿತು ಉಪನ್ಯಾಸ ಮಾಡಿ, ಯಾವುದು ಸಾಧು ಯಾವುದು ಅಸಾಧು ಎಂದು ಉದಾಹರಣೆ ಸಹಿತ ತೋರಿಸಿದರು. ಅವರ ಕಟ್ಟಳೆಯ ಸಾರವನ್ನು ನಾನು ಅರ್ಥಮಾಡಿಕೊಂಡಂತೆ ಹೇಳುವುದಾದರೆ, ಕೂಡುವ ಎರಡೂ ಭಾಗಗಳು ಬಿಡುವಾಗ ಮೊದಲಿನಂತೆಯೇ ಉಳಿಯತಕ್ಕದ್ದು. ಉಳಿದರೆ ಆ ಜೋಡಣೆ ಎಷ್ಟೇ ವಿಚಿತ್ರವಾಗಿದ್ದರೂ ಸಾಧು, ಉಳಿಯದಿದ್ದರೆ ಎಷ್ಟೇ ಗಟ್ಟಿಯಾಗಿದ್ದರೂ ಅಸಾಧು. ಜಾಲಂಧ್ರವನ್ನು ಮಾಡಿದ ಆ ಹುಡುಗನನ್ನು ಈ ಪ್ರಮಾಣದಿಂದ ಅಳೆದು, ಓರೆ ಬಿಲ್ಲೆಯೊಂದು ಬಿಗಿಯಾಗಿ ಸಿಕ್ಕಿಕೊಂಡಿದೆಯೆಂದು ಅಂಕ ಕಳೆದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಗಟ್ಟಿತನಕ್ಕೇನೂ ಇಲ್ಲಿ ಕೊರತೆಯಿಲ್ಲವೆಂಬುದನ್ನು ಪ್ರಾಸಂಗಿಕವಾಗಿ ಹೇಳಬೇಕು. ನಾಲ್ಕು ಗುಬಟುಗಳ ಒಂದು ಇಟ್ಟಿಗೆಯನ್ನು 2012ರಲ್ಲಿ ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯ ಎಂಜಿನಿಯರುಗಳು ಯಂತ್ರದಲ್ಲಿಟ್ಟು ಅದುಮಿದಾಗ ಅದು ಸುಮಾರು 4,240 ನ್ಯೂಟನ್, ಅಂದರೆ ನಾಲ್ಕು ಕ್ವಿಂಟಲಿಗೂ ಮೀರಿದ ಭಾರವನ್ನು ತಡೆದು ಆಮೇಲೆ ಸೋತಿತು. ಒಂದರ ಮೇಲೊಂದರಂತೆ ಮೂರೂವರೆ ಕಿಲೋಮೀಟರು ಎತ್ತರಕ್ಕೆ ಪೇರಿಸಿದರೆ ಅಡಿಯ ಇಟ್ಟಿಗೆ ನಜ್ಜುಗುಜ್ಜಾದೀತೆಂದು ಅವರ ಲೆಕ್ಕ. ಕಪಾಟಿನ ಸೇತುವೆಗೆ ಅಂಟು ಬೇಕಾಗಿರಲಿಲ್ಲ.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಸುಣ್ಣಗಲ್ಲನ್ನು ಜೇಡಿಮಣ್ಣಿನೊಂದಿಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಂದ ಕ್ಲಿಂಕರನ್ನು ಅರೆದು, ನೀರು ಬೆರೆಸಿದರೆ ಅದು ಗಟ್ಟಿಯಾಗುತ್ತದೆ. ಮತ್ತೆ ಹಿಂದಕ್ಕೆ ಬರುವುದಿಲ್ಲ. ಮನೆ, ಅಣೆಕಟ್ಟು, ಸೇತುವೆಗಳೆಲ್ಲ ಈ ಹಿಂತಿರುಗದ ಗುಣವನ್ನೇ ನಂಬಿ ನಿಂತಿವೆ. ನಮ್ಮ ಸಾವಿರಾರು ಮನೆಗಳ ಅನ್ನವೂ ಅದರಿಂದಲೇ ಬರುತ್ತಿದೆ. ಸಿಮೆಂಟನ್ನು ನಾನು ನಿಂದಿಸಲಾರೆ. ಆದರೆ ಹುಟ್ಟಿದಂದಿನಿಂದ ಚಿಮಣಿಯ ಹೊಗೆಯನ್ನೂ ಲಾರಿಯ ಸಾಲನ್ನೂ ಕಂಡು ಬೆಳೆದ ನಮ್ಮ ಮಕ್ಕಳಿಗೆ ಕೂಡಿಸುವುದೆಂದರೆ ಶಾಶ್ವತವಾಗಿ ಅಂಟಿಸುವುದೇ ಎಂಬ ಭಾವನೆ ಸಹಜವಾಗಿ ಬಂದಿರುತ್ತದೆ. ಇದೇ ಸೀಮೆಯಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ವಿದ್ಯೆ ಇತ್ತೆಂಬುದನ್ನು ತೋರಿಸುವವರು ತಾವಲ್ಲದೆ ಬೇರೆ ಯಾರು?

ಕಾಗಿಣಾ ದಂಡೆಯ ಮಳಖೇಡಕ್ಕೋ, ಕಾಳಗಿಯ ಗುಡಿಗಳಿಗೋ, ಚಿತ್ತಾಪುರದ ಬಳಿಯ ನಾಗಾವಿಗೋ ಮಕ್ಕಳನ್ನು ಕರೆದುಕೊಂಡು ಹೋದಾಗ ನಾವು ಸಾಮಾನ್ಯವಾಗಿ ರಾಜರ ಹೆಸರನ್ನೂ ಇಸವಿಗಳನ್ನೂ ಹೇಳಿ ಮುಗಿಸಿಬಿಡುತ್ತೇವೆ. ಒಂದು ಸಲ ಕಂಬದ ಬಳಿ ನಿಲ್ಲಿಸಿ, ಇದು ಒಂದೇ ಕಲ್ಲೋ ಹಲವೋ ಎಂದು ಕೇಳಿರಿ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಪೀಠ, ದಂಡ, ಫಲಕ, ಬೋದಿಗೆ, ತೊಲೆಗಳನ್ನು ಬೇರೆಬೇರೆಯಾಗಿ ಕಡೆದು, ಗಾರೆಯ ಹಂಗಿಲ್ಲದೆ ಒಂದರ ಮೇಲೊಂದನ್ನು ಕೂರಿಸಿ, ಮೇಲಿನ ಭಾರದಿಂದಲೇ ಕೆಳಗಿನದನ್ನು ಹಿಡಿಸಿದರು. ಇದಕ್ಕೂ ಹಿಂದೆ ಸಾಂಚಿಯ ಸ್ತೂಪದ ವೇದಿಕೆಯನ್ನು ಕಟ್ಟಿದವರು, ನಿಲುಗಂಬಗಳಲ್ಲಿ ಮಸೂರದ ಆಕಾರದ ಕುಳಿಗಳನ್ನು ತೋಡಿ, ಸೂಚಿಗಳೆಂಬ ಅಡ್ಡಗಲ್ಲುಗಳನ್ನು ಆ ಕುಳಿಗಳಿಗೆ ತೂರಿಸಿ, ಮೇಲೆ ಉಷ್ಣೀಷದ ಕಲ್ಲನ್ನು ಹೊದಿಸಿ, ಬಡಗಿಯ ಬೇಲಿಯನ್ನೇ ಶಿಲೆಯಲ್ಲಿ ಮಾಡಿದರು. ಕಲ್ಲಿಗೆ ಇದು ರೂಢಿಯ ಜೋಡಣೆಯಲ್ಲ. ಮರದ ರೂಢಿಯನ್ನು ಕಲ್ಲಿಗೆ ತಂದದ್ದು. ಈಟಿಯನ್ನು ತಿರುಗಣೆಯಾಗಿಸುವ ಮಗು ಮಾಡುವುದೂ ಇಂಥದೇ ಕೆಲಸವನ್ನು.

ಮರದ ಸಂಗತಿಯನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಹಳ್ಳಿಯ ಬಡಿಗೇರರ ಮನೆಯಂಗಳವೇ ಸಾಕು. ಬಂಡಿಯ ಗಾಲಿಯಲ್ಲಿ ಅರಗಳು ಗುಂಬದ ತೂತುಗಳಿಗೆ ಬಿಗಿಯಾಗಿ ಸೇರಿರುತ್ತವೆ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಕಿರಿದಾಗಿ ಮಾಡಿ, ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ಇಳಿಸಿ, ನೀರು ಸುರಿದು ಕುಗ್ಗಿಸಿದಾಗ ಎಲ್ಲ ಅರಗಳೂ ಒಟ್ಟಿಗೆ ಒಳಕ್ಕೆ ಬಿಗಿದುಕೊಳ್ಳುತ್ತವೆ. ಗುಬಟು ನಳಿಗೆಯ ಪಕ್ಕದಲ್ಲಿ ಕೂರುವುದೂ ಇದೇ ತತ್ತ್ವದಿಂದ: ಇರುವ ಜಾಗಕ್ಕಿಂತ ಕೂರುವ ವಸ್ತು ಕೂದಲೆಳೆಯಷ್ಟು ದೊಡ್ಡದು, ಪದಾರ್ಥಕ್ಕೆ ಅಷ್ಟು ಮಣಿಯುವ ಗುಣವುಂಟು. ಬಿತ್ತನೆಯ ಕೂರಿಗೆಯಾದರೋ ಗೂಟ ಬೆಣೆ ಹಗ್ಗಗಳಿಂದ ಕೂಡಿ, ತೊಗರಿ ಬಿತ್ತಿ ಮುಗಿದ ಮೇಲೆ ಕಳಚಿ ಅಟ್ಟವನ್ನೇರುತ್ತದೆ. ಒಂದು ತಾಳು ಮುರಿದರೆ ಅದೊಂದನ್ನೇ ಬದಲಿಸುತ್ತಾರೆ. ಬೆಣೆಯನ್ನು ಎಷ್ಟು ಬಡಿಯಬೇಕು, ಯಾವ ಪೆಟ್ಟಿಗೆ ಕಟ್ಟಿಗೆ ಸೀಳುತ್ತದೆ ಎಂಬುದನ್ನು ಬಡಿಗೇರರು ಸದ್ದಿನಿಂದಲೇ ಹೇಳಬಲ್ಲರು. ಜೇಮಿ ಬೆರಾರ್ಡರ ಉಪನ್ಯಾಸವನ್ನು ಅವರಿಗೆ ಕನ್ನಡದಲ್ಲಿ ಹೇಳಿದರೆ, ಇದರಲ್ಲಿ ಹೊಸದೇನಿದೆ ಸರ್ ಎಂದು ಕೇಳಿಯಾರು.

ಅಸಾಧುವಾದ ಜೋಡಣೆಗೂ ನಮ್ಮಲ್ಲಿ ಒಂದು ಮಹಾ ಉದಾಹರಣೆಯಿದೆ. ಅದು ಭೀಮಾ ತೀರದ ಸನ್ನತಿಯಲ್ಲಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಚಾವಣಿ 1986ರಲ್ಲಿ ಕುಸಿದು ಮೂರ್ತಿ ಭಗ್ನವಾದ ತರುವಾಯ, ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಚಪ್ಪಡಿಯ ಎರಡೂ ಮುಖಗಳಲ್ಲಿ ಮೌರ್ಯ ಅಶೋಕನ ಧರ್ಮಲಿಪಿ ಇರುವುದು ಬೆಳಕಿಗೆ ಬಂತು. ಶತಮಾನಗಳ ಹಿಂದೆ ಯಾರೋ ಶಿಲ್ಪಿ, ಅಕ್ಷರಗಳನ್ನು ಓದಲಾರದೆಯೋ ಓದುವ ಗೋಜಿಗೆ ಹೋಗದೆಯೋ, ಗಟ್ಟಿಯಾದ ಕಲ್ಲು ಕೈಗೆ ಸಿಕ್ಕಿತೆಂದು ಅದರ ನಟ್ಟನಡುವೆ ಆಯತಾಕಾರದ ಕುಳಿಯನ್ನು ತೋಡಿ, ಮೂರ್ತಿಯ ಬುಡವನ್ನು ಅದಕ್ಕೆ ಕೂರಿಸಿದ್ದನು. ಜೋಡಣೆಯಾಗಿ ನೋಡಿದರೆ ಅದು ಅಚ್ಚುಕಟ್ಟಾದ ಕುಳಿ. ಆದರೆ ಆ ಕುಳಿಯಿದ್ದಲ್ಲಿ ಸಾಮ್ರಾಟನ ವಾಕ್ಯಗಳಿದ್ದವು, ಅವು ಇನ್ನು ಯಾರಿಗೂ ದೊರಕವು. ದೇವಿಯ ಪಾದದಡಿ ಇದ್ದುದರಿಂದಲೇ ಉಳಿದ ಭಾಗವಾದರೂ ಉಳಿಯಿತೆಂದು ಸಮಾಧಾನ ಹೇಳುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಆದರೂ ಆ ಚಪ್ಪಡಿಯ ಚಿತ್ರವನ್ನು ತರಗತಿಯಲ್ಲಿ ತೋರಿಸಿ, ಈ ಜೋಡಣೆ ಸಾಧುವೋ ಅಸಾಧುವೋ ಎಂದು ಮಕ್ಕಳನ್ನು ಕೇಳಿ ಚರ್ಚೆಗೆ ಬಿಟ್ಟರೆ, ಇತಿಹಾಸದ ಪಾಠವೂ ಯಂತ್ರವಿದ್ಯೆಯ ಪಾಠವೂ ಒಂದೇ ಗಂಟೆಯಲ್ಲಿ ಆಗುತ್ತದೆ. ನನ್ನ ಮತವನ್ನು ಕೇಳಿದರೆ, ಅದು ಅಸಾಧುವೇ.

ಬೆಲೆಯ ಮಾತನ್ನು ತಾವು ಎತ್ತುವಿರೆಂದು ಬಲ್ಲೆ. ಮೂಲ ಕಂಪನಿಯ ಇಟ್ಟಿಗೆಗಳು ನಮ್ಮ ಶಾಲೆಗಳ ಕೈಗೆಟುಕುವಂಥವಲ್ಲ. ಆದರೆ ಹಳೆಯ ಪೇಟೆಂಟಿನ ಅವಧಿ ತೀರಿ ಬಹುಕಾಲವಾದುದರಿಂದ ಅದೇ ಅಳತೆಯ ಇಟ್ಟಿಗೆಗಳನ್ನು ಹಲವರು ಮಾಡುತ್ತಿದ್ದಾರೆ. ನಮ್ಮ ದೇಶದಲ್ಲಿಯೂ ಮಾಡುತ್ತಾರೆ. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿರುವುದರಿಂದ ಆ ಮುದ್ರೆಯನ್ನು ನೋಡಿ ಕೊಳ್ಳಬಹುದು. ಅಗ್ಗದ ಇಟ್ಟಿಗೆ ಕೆಲವೆಡೆ ಸಡಿಲ, ಕೆಲವೆಡೆ ಅತಿ ಬಿಗಿ ಎಂಬ ದೂರು ನಿಜವೇ. ಆದರೆ ಆ ದೂರನ್ನೇ ಪಾಠವಾಗಿಸುವುದು ತಮ್ಮ ಕೈಯಲ್ಲಿದೆ. ಭೌತಶಾಸ್ತ್ರದ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ವರ್ನಿಯರ್ ಕ್ಯಾಲಿಪರನ್ನು ಹೊರತೆಗೆದು ಗುಬಟುಗಳನ್ನು ಅಳೆಯಿಸಿರಿ. 4.8 ಇರಬೇಕಾದಲ್ಲಿ 4.7 ಇದ್ದರೆ ಹಿಡಿತ ಏಕೆ ಹೋಯಿತು, 4.9 ಇದ್ದರೆ ಕೀಳುವಾಗ ಬೆರಳೇಕೆ ನೋಯಿತು ಎಂಬುದು ಮಕ್ಕಳಿಗೆ ಅಳತೆಯಿಂದಲೇ ಗೊತ್ತಾಗುತ್ತದೆ. ಪಠ್ಯಪುಸ್ತಕದಲ್ಲಿ ಸೀಸದ ಗುಂಡಿನ ವ್ಯಾಸವನ್ನು ಅಳೆದು ಬೇಸತ್ತ ಹುಡುಗಿ, ತಾನು ಕಟ್ಟಿದ ಗೋಪುರ ಏಕೆ ಬಿತ್ತೆಂದು ತಿಳಿಯಲು ಅಳೆಯುವಾಗ ಬೇಸರಪಡುವುದಿಲ್ಲ.

ಬಿಡಿಭಾಗ ಕಳೆದುಹೋಗುತ್ತದೆ, ಲೆಕ್ಕಪರಿಶೋಧಕರಿಗೆ ಉತ್ತರ ಕೊಡಬೇಕು, ಅದಕ್ಕೇ ಬೀಗ ಹಾಕುತ್ತೇವೆ ಎಂಬ ತಮ್ಮ ಕಷ್ಟವೂ ನನಗೆ ಗೊತ್ತು. ಈ ಭಯ ಸುಳ್ಳಲ್ಲ, ಹುಡುಗರ ಕಿಸೆಗಳೂ ಚಿಕ್ಕವಲ್ಲ. ಆದರೆ ಇದೇ ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ವೃತ್ತಿಯನ್ನು ಏರ್ಪಡಿಸಿದಂತೆಯೇ ಆರು ಮಂದಿ ಸರಸ್ವತೀ ಭಂಡಾರಿಗರಿಗೂ, ಅಂದರೆ ಗ್ರಂಥಪಾಲಕರಿಗೂ, ವೃತ್ತಿ ಏರ್ಪಾಡಾಗಿತ್ತು. ಗ್ರಂಥಗಳನ್ನು ಕಾಯಲು ಒಂದು ಬೀಗ ಸಾಕೆಂದು ಅಂದಿನವರು ಎಣಿಸಲಿಲ್ಲ. ಕೊಟ್ಟು, ಮರಳಿ ಪಡೆದು, ಜೋಪಾನ ಮಾಡುವ ಮನುಷ್ಯರು ಬೇಕೆಂದು ತಿಳಿದಿದ್ದರು. ತರಗತಿಗೆ ಇಬ್ಬರು ಮಕ್ಕಳನ್ನು ಪೆಟ್ಟಿಗೆಯ ಭಂಡಾರಿಗಳೆಂದು ನೇಮಿಸಿ, ಬಣ್ಣವಾರು ಗುಬಟುವಾರು ಎಣಿಸಿ ಕೊಡುವ, ಎಣಿಸಿ ಪಡೆಯುವ ಹೊಣೆಯನ್ನು ಅವರಿಗೆ ಒಪ್ಪಿಸಿ ನೋಡಿರಿ. ಕಳೆದುಹೋದ ಹತ್ತೆಂಟು ಇಟ್ಟಿಗೆಗಳನ್ನು ಸವಕಲೆಂದು ಬರೆದುಹಾಕಲು ಮೇಲಧಿಕಾರಿಗಳೂ ಒಪ್ಪಬೇಕು. ಬಳಸದೆ ಹಳದಿಗಟ್ಟಿದ ಪೂರ್ಣ ಪೆಟ್ಟಿಗೆ ದಾಸ್ತಾನು ಪುಸ್ತಕಕ್ಕೆ ಶೋಭೆಯೇ ಹೊರತು ಶಾಲೆಗಲ್ಲ.

ಕಡೆಯದಾಗಿ ನನ್ನ ಬಿನ್ನಹಗಳು. ಪುಸ್ತಿಕೆಯ ಮಾದರಿಯನ್ನು ಮೊದಲ ದಿನ ಕಟ್ಟಿಸಿರಿ, ಅದು ಬೇಕು. ಎರಡನೆಯ ದಿನ ಪುಸ್ತಿಕೆಯನ್ನು ಎತ್ತಿಡಿರಿ. ವರ್ಷಕ್ಕೊಮ್ಮೆ ಊರಿನ ಗೌಂಡಿಯೊಬ್ಬರನ್ನೂ ಬಡಿಗೇರರೊಬ್ಬರನ್ನೂ ಶಾಲೆಗೆ ಕರೆದು, ಕುರ್ಚಿ ಕೊಟ್ಟು ಕೂರಿಸಿ, ಮಕ್ಕಳು ಕಟ್ಟಿದ್ದನ್ನು ಅವರಿಗೆ ತೋರಿಸಿ ಅವರ ಮಾತನ್ನು ಕೇಳಿಸಿರಿ. ಮುಂದಿನ ವಿಜ್ಞಾನ ಪ್ರದರ್ಶನದಲ್ಲಿ ತಮ್ಮಲ್ಲಿ ಯಾರು ತೀರ್ಪುಗಾರರಾದರೂ, ಮಾದರಿಯ ಮುಂದೆ ನಿಂತು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬಿಚ್ಚಿ ತೋರಿಸಬಲ್ಲಿರಾ? ಬಿಚ್ಚಿ, ಒಂದು ಇಟ್ಟಿಗೆಗೂ ಊನವಾಗದಂತೆ ಮತ್ತೆ ಕಟ್ಟಿದ ಮಕ್ಕಳಿಗೆ ಬಹುಮಾನವನ್ನು ಕೊಡಿರಿ. ಅಂಟು ಹಚ್ಚಿದ ಮಾದರಿಯನ್ನು ಸ್ಪರ್ಧೆಗೇ ತೆಗೆದುಕೊಳ್ಳಬೇಡಿರಿ.

ಇತಿ,
ತಮ್ಮ ವಿಶ್ವಾಸಿ,
ಕೊಡ್ಲಿ ಸೀಮೆಯ ಒಬ್ಬ ನಿವಾಸಿ